ಭುಜದ ಗಂಟು: ಮೊದಲು ಕೈ, ಆಮೇಲೆ ಸ್ಕ್ಯಾನ್, ಕೊನೆಗೆ ಸೂಜಿ

ಕಾಲರ್ ಬೋನ್ ಮೇಲೆ, ಭುಜದಲ್ಲಿ ಇಲ್ಲವೇ ಕಂಕುಳಲ್ಲಿ ಗಂಟು ಕಂಡರೆ ಕೊಬ್ಬಿನ ಗಂಟಿರಬೇಕು, ದುಗ್ಧಗ್ರಂಥಿ ಊದಿರಬೇಕು ಎಂಬ ಊಹೆ ಸಹಜ. ಆದರೆ ಕತ್ತಿನಿಂದ ತೋಳಿಗೆ ಇಳಿಯುವ ನರಜಾಲ ಹಾದುಹೋಗುವುದೂ ಇಲ್ಲಿಂದಲೇ. ನರದ ಹೊದಿಕೆಯ ಶ್ವಾನ್ ಕೋಶಗಳಲ್ಲಿ ಹುಟ್ಟುವ ‘ಶ್ವಾನೋಮಾ’ ಎಂಬ ಅಪರೂಪದ ಗಡ್ಡೆ ಇಲ್ಲಿ ಬೆಳೆಯಬಹುದು. ಇದು ಕ್ಯಾನ್ಸರ್ ಅಲ್ಲ. ಬೆಳವಣಿಗೆಯೂ ಬಹಳ ನಿಧಾನ. ಆದರೆ ಕೊಬ್ಬಿನ ಗಂಟೆಂದು ಬಗೆದು ಕತ್ತರಿಸಿದರೆ ನರಕ್ಕೆ ಪೆಟ್ಟಾಗಿ ಕೈ ಬಲ ಕಳೆದುಕೊಳ್ಳಬಹುದು. ಆದ್ದರಿಂದ ಯಾವ ಪರೀಕ್ಷೆ ಎಂಬುದರಷ್ಟೇ ಯಾವುದು ಮೊದಲು ಎಂಬುದೂ ಮುಖ್ಯ.

ಮೊದಲ ಹೆಜ್ಜೆ, ವೈದ್ಯರು ಮುಟ್ಟಿ ನೋಡುವುದು. ನರದ ಗಡ್ಡೆ ಸಾಮಾನ್ಯವಾಗಿ ಅಕ್ಕಪಕ್ಕಕ್ಕೆ ಸರಿಯುತ್ತದೆ, ನರದ ಉದ್ದಕ್ಕೆ ಸರಿಯುವುದಿಲ್ಲ. ಮೆಲ್ಲಗೆ ತಟ್ಟಿದಾಗ ಕೈಯುದ್ದಕ್ಕೂ ಶಾಕ್ ಹೊಡೆದಂತೆ ಜುಮ್ಮೆಂದರೆ ಅನುಮಾನ ಬಲವಾಗುತ್ತದೆ. ಇದನ್ನು ‘ಟಿನೆಲ್ ಚಿಹ್ನೆ’ ಎನ್ನುತ್ತಾರೆ. ಗಂಟು ಆಳದಲ್ಲಿದ್ದರೆ ಕೈಗೆ ಸಿಗದು. ಆಗ ಬರೀ ನೋವು, ಜೋಮು ಇರುತ್ತದೆ. ಅದು ಫ್ರೋಜನ್ ಶೋಲ್ಡರ್ ಅಥವಾ ಕತ್ತಿನ ಮೂಳೆ ಸವೆತದಂತೆ ತೋರಬಹುದು. ಮೈಮೇಲೆ ಕಾಫಿ ಬಣ್ಣದ ಆರು ಅಥವಾ ಹೆಚ್ಚು ಮಚ್ಚೆಗಳಿದ್ದರೆ, ಮನೆಯವರಲ್ಲಿ ಯಾರಿಗಾದರೂ ನರದ ಗಡ್ಡೆ ಇದ್ದರೆ ತಪ್ಪದೆ ತಿಳಿಸಿ. ಅದು ನ್ಯೂರೋಫೈಬ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಸುಳಿವಾಗಿರಬಹುದು.

ಎರಡನೆಯ ಹೆಜ್ಜೆ ಸ್ಕ್ಯಾನ್. ಎಂಆರ್‌ಐ ದುಬಾರಿ, ಎಕ್ಸ್‌ರೇ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ. ಮೇಲ್ಮೈಗೆ ಹತ್ತಿರದ ಗಂಟಾದರೆ ಕಡಿಮೆ ಖರ್ಚಿನ ಅಲ್ಟ್ರಾಸೌಂಡ್‌ನಿಂದ ಶುರುಮಾಡಬಹುದು. ಗಡ್ಡೆಯ ಒಂದು ತುದಿಯಲ್ಲಿ ನರ ಒಳಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬರುವುದು ಕಂಡರೆ ಅದು ದೊಡ್ಡ ಸುಳಿವು. ಆಪರೇಷನ್ ಯೋಚನೆ ಇದ್ದರಂತೂ ಎಂಆರ್‌ಐ ಬೇಕೇ ಬೇಕು. ಗಡ್ಡೆ ಯಾವ ನರಕ್ಕೆ, ರಕ್ತನಾಳಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಅದು ತೋರಿಸುತ್ತದೆ.

ಕೊನೆಯ ಹೆಜ್ಜೆ ಸೂಜಿ, ಅಂದರೆ ಗಂಟಿನ ತುಣುಕು ತೆಗೆದು ನೋಡುವ ಬಯಾಪ್ಸಿ. ಅದಿಲ್ಲದೆ ಕ್ಯಾನ್ಸರ್ ಅಲ್ಲವೆಂದು ನಂಬುವುದು ಹೇಗೆ? ಈ ಆಕ್ಷೇಪದಲ್ಲಿ ಹುರುಳಿದೆ. ಸ್ಕ್ಯಾನ್ ಒಂದೇ ಕೊನೆಯ ಮಾತಲ್ಲ. ಆದರೆ ನರಕ್ಕೆ ಸೂಜಿ ತಗುಲಿದರೆ ತೀವ್ರ ನೋವು, ಕೆಲವೊಮ್ಮೆ ಹಾನಿಯೂ ಆದೀತು. ಕೈ ಪರೀಕ್ಷೆ ಮತ್ತು ಸ್ಕ್ಯಾನ್ ಎರಡೂ ಶ್ವಾನೋಮಾವನ್ನೇ ತೋರಿಸಿದರೆ ಹಲವು ತಜ್ಞರು ಸೂಜಿಯನ್ನು ಬಿಟ್ಟು, ತೆಗೆದ ಗಡ್ಡೆಯನ್ನೇ ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳುತ್ತಾರೆ. ತೊಂದರೆ ಕೊಡದ ಸಣ್ಣ ಗಡ್ಡೆಯನ್ನು ಆಗಾಗ ಸ್ಕ್ಯಾನ್ ಮಾಡಿ ಗಮನಿಸುತ್ತಿದ್ದರೂ ಸಾಕಾಗಬಹುದು. ಗಂಟು ಬೇಗ ಬೆಳೆದರೆ, 5 ಸೆಂ.ಮೀ. ಮೀರಿದರೆ, ರಾತ್ರಿ ವಿಶ್ರಾಂತಿಯಲ್ಲೂ ನೋವು ಬಿಡದಿದ್ದರೆ, ಕೈ ಬಲ ಕುಂದುತ್ತಿದ್ದರೆ ಮಾತ್ರ ತಡ ಸಲ್ಲದು. ಅನುಭವಿ ಕೇಂದ್ರದಲ್ಲಿ ಸ್ಕ್ಯಾನ್ ನೋಡುತ್ತಲೇ ಬಯಾಪ್ಸಿ ಮಾಡಿಸಬೇಕಾಗಬಹುದು. ಆಪರೇಷನ್‌ಗೆ ಒಪ್ಪುವ ಮುನ್ನ ‘ಈ ಗಂಟು ನರದ್ದಿರಬಹುದೇ? ಸೂಕ್ಷ್ಮದರ್ಶಕದಡಿ ನರ ಉಳಿಸಿ ತೆಗೆಯುವ ಅನುಭವ ನಿಮಗಿದೆಯೇ?’ ಎಂದು ಸರ್ಜನ್ ಅವರನ್ನು ಕೇಳಿ. ಹಾಗೆ ಕೇಳುವುದು ರೋಗಿಯ ಹಕ್ಕು.