ಅಸಲು ಫೈಲನ್ನು ಉಳಿಸಿಕೋ

ನೋಡಮ್ಮ, ನೀನು ಕೆಲಸಕ್ಕೆ ಸೇರಿದೆ, ಬೆಂಗಳೂರಲ್ಲಿ ಬಾಡಿಗೆ ಮನೆಯನ್ನೂ ಹಿಡಿದೆ. ನೇಮಕಾತಿ ಪತ್ರ, ಇನ್ಶೂರೆನ್ಸ್ ಪಾಲಿಸಿ, ಬಾಡಿಗೆ ಕರಾರು ಎಲ್ಲಾ ಇನ್ನು ಮೊಬೈಲಿಗೇ ಬರುತ್ತವೆ. ಕಾಗದವಿಲ್ಲದಿದ್ದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ ಯಾರಾದರೂ ಹೇಳಿದರೆ ಹೆದರಬೇಡ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಂ ಪ್ರಕಾರ, ಕಾನೂನು ಬರಹ ಕೇಳಿದ ಕಡೆ ಎಲೆಕ್ಟ್ರಾನಿಕ್ ದಾಖಲೆಯೂ ನಡೆಯುತ್ತದೆ. ಷರತ್ತು ಇಷ್ಟೇ: ಮುಂದೆ ಬೇಕಾದಾಗ ಅದನ್ನು ತೆರೆದು ನೋಡುವಂತಿರಬೇಕು. ನಮ್ಮವರು ಎಡವುವುದು ಅಲ್ಲೇ.

ಡಿಜಿಟಲ್ ಸಹಿಯಿರುವ ಪಿಡಿಎಫ್ ಬಂತು ಅಂದುಕೋ. ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿಟ್ಟು, ಮೊಬೈಲ್ ತುಂಬಿತೆಂದು ಫೈಲನ್ನು ಅಳಿಸಿಬಿಡುವವರಿದ್ದಾರೆ. ಸಹಿ ಇರುವುದು ಫೈಲಿನೊಳಗೆ. ಕಂಪ್ಯೂಟರಿನಲ್ಲಿ ಅದರ ಮೇಲೆ ಒತ್ತಿದರೆ ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ, ಸಹಿಯಾದ ಮೇಲೆ ಯಾರಾದರೂ ತಿದ್ದಿದ್ದಾರೆಯೇ ಎಲ್ಲ ಕಾಣುತ್ತದೆ. ಹಾಳೆಯನ್ನು ಎಷ್ಟು ಒತ್ತಿದರೂ ಏನೂ ಬರದು. ಪ್ರಿಂಟನ್ನು ಕೋರ್ಟಿಗೆ ಕೊಡಬೇಕಾದರೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕು. ಅಸಲು ಫೈಲೇ ಇಲ್ಲದಿದ್ದರೆ ಅದನ್ನು ಬರೆದುಕೊಡುವವರು ಯಾರು? ಹಾಗಾಗಿ ಇ-ಮೇಲ್ ಸಮೇತ ಫೈಲನ್ನು ಬಂದ ಹಾಗೇ ಎರಡು ಕಡೆ ಇಡು. ಸ್ಕ್ರೀನ್‌ಶಾಟ್ ನಂಬಿಕೊಂಡು ಮೂಲ ಮೆಸೇಜು ಅಳಿಸಬೇಡ. ಯಾರು, ಯಾವಾಗ ಕಳಿಸಿದರು ಎಂಬುದೂ ದಾಖಲೆಯ ಭಾಗವೇ.

ಸ್ಕೂಟರ್ ಓಡಿಸುವಾಗ ಡಿಎಲ್ ಫೋಟೊ ಗ್ಯಾಲರಿಯಲ್ಲಿದ್ದರೆ ಸಾಲದು. ಡಿಜಿಲಾಕರಿನಲ್ಲಿ ಇಲಾಖೆಯಿಂದಲೇ ಬಂದ, ‘ಇಶ್ಯೂಡ್’ ಪಟ್ಟಿಯಲ್ಲಿರುವ ದಾಖಲೆಗೆ 2017ರಿಂದ ಅಸಲಿನ ಮಾನ್ಯತೆಯಿದೆ. ನೀನೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಇಲ್ಲ.

ಇನ್ನು ಆಧಾರ್ ಇ-ಸೈನ್. ಅದಕ್ಕೆ ಬರುವ ಓಟಿಪಿ ಹೇಳಿಬಿಟ್ಟರೆ ರುಜು ಹಾಕಿದಂತೆಯೇ. “ಮೇಡಂ, ಒಂದು ಓಟಿಪಿ ಬಂದಿರುತ್ತೆ, ಹೇಳಿ” ಅಂತ ಬ್ರೋಕರ್ ಅವಸರ ಮಾಡಿದರೆ, “ಮೊದಲು ಕರಾರು ಕಳಿಸಿ, ಓದ್ತೀನಿ” ಅನ್ನು. ಮುಂದೆ ಸ್ವಂತ ಕಂಪನಿ ಮಾಡಿದರೂ ಸಹಿಯ ಯುಎಸ್‌ಬಿ ಟೋಕನ್ನನ್ನು ಪಿನ್ ಸಮೇತ ಆಡಿಟರ ಡ್ರಾಯರಿನಲ್ಲಿ ಬಿಟ್ಟು ಬರಬೇಡ.

ಹಾಗಂತ ಎಲ್ಲವೂ ಮೊಬೈಲಿನಲ್ಲೇ ಮುಗಿಯುವುದಿಲ್ಲ. ಉಯಿಲು ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಹೊರತು. ಅದಕ್ಕೆ ಕಾಗದದ ಮೇಲೆ ರುಜು, ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಇ-ಸೈನ್ ಆಯಿತೆಂದು ಸ್ಟಾಂಪ್ ಶುಲ್ಕ ಮಾಫಿಯಾಗದು. ಬಾಡಿಗೆ ಅವಧಿ ಒಂದು ವರ್ಷ ಮೀರಿದರೆ ನೋಂದಣಿಯೂ ತಪ್ಪದು.

ಈ ಭಾನುವಾರ ಕೂತು ಎಲ್ಲ ಫೈಲುಗಳನ್ನೂ ಒಂದು ಫೋಲ್ಡರಿಗೆ ಹಾಕು. ಅದು ಎಲ್ಲಿದೆ, ತೆರೆಯುವುದು ಹೇಗೆ ಅಂತ ನಿಮ್ಮಮ್ಮನಿಗೂ ತಿಳಿಸಿಡು. ನಿನ್ನ ಪಾಲಿಸಿ ಬೇಕಾಗುವ ದಿನ ಅದನ್ನು ಹುಡುಕುವವಳು ನೀನೇ ಆಗಿರಬೇಕೆಂದಿಲ್ಲ.