ಹೆಸರಿಲ್ಲದ ಹಾಡು ಮತ್ತು ಅಂಕಿತದ ಕುರುಹು

ವಚನಕಾರರ ಅಂಕಿತಗಳು ಹಲವು ವಿದ್ಯಾರ್ಥಿಗಳಿಗೆ ಒಂದಂಕದ ಪ್ರಶ್ನೆಗೆ ಉತ್ತರವಾಗಿ ಮಾತ್ರ ಪರಿಚಿತ. ಆದರೆ ಮೊಬೈಲಿಗೆ ಇಳಿಸಿಕೊಂಡ ಹೊಸ ಹಾಡನ್ನು ಕೇಳಿ ಅಭಿಪ್ರಾಯ ಹೇಳಬೇಕಾದಾಗ ಅದೇ ಅಂಕಿತ ವಿಮರ್ಶೆಯ ಮೊದಲ ಸಾಧನವಾಗುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕಂದಲಗಾಂವದಂತಹ ಊರುಗಳಲ್ಲಿ ಕನ್ನಡವು ಮುಖ್ಯವಾಗಿ ಮನೆಮಾತಾಗಿ ಉಳಿದಿದೆ. ಕಚೇರಿ, ಪೇಟೆಗಳ ವ್ಯವಹಾರ ಮರಾಠಿಯಲ್ಲಿ ನಡೆಯುತ್ತದೆ. ಇಂತಹ ಕಡೆ ಕನ್ನಡದ ಹಾಡು ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ದಾಟುವುದೂ ಭಾಷೆಯ ಬಾಳಿಕೆಗೆ ಒಂದು ದಾರಿ. ಹೀಗೆ ದಾಟುವಾಗ ಕಡತದ ಹೆಸರು ಬದಲಾಗುತ್ತದೆ. ಕವಿ, ಗಾಯಕ, ರಾಗಸಂಯೋಜಕರ ಹೆಸರುಗಳು ಕಳಚಿಹೋಗುತ್ತವೆ. "ಚಲೋ ಐತಿ" ಎಂಬ ಮೆಚ್ಚುಗೆ ಉಳಿಯುತ್ತದೆ, ಯಾರದು ಎಂಬುದು ಉಳಿಯುವುದಿಲ್ಲ.

ಈ ತೊಡಕು ಧ್ವನಿಮುದ್ರಣದಷ್ಟೇ ಹಳೆಯದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನಿಗಾಗಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಘೋಷಿಸುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚುಹಾಕುವವರಿಗೆ ಗಾಯಕಿ ಯಾರೆಂದು ತಿಳಿಯಲಿ ಎಂಬುದು ಇದರ ಉದ್ದೇಶವೆನ್ನಲಾಗಿದೆ. ಬಾಳಿನ ಕೊನೆಯಲ್ಲಿ ಮೈಸೂರು ಆಸ್ಥಾನದ ಆಶ್ರಯ ಪಡೆದ ಅವರು 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಶರಣರ ವಚನಗಳಲ್ಲಿ ಇಂತಹ ಗುರುತು ಹನ್ನೆರಡನೆಯ ಶತಮಾನದಿಂದಲೇ ಪಠ್ಯದೊಳಗೆ ಸೇರಿದೆ. ಅಂಕಿತವು ಮೊದಲಿಗೆ ಶರಣನ ಇಷ್ಟದೈವದ ಹೆಸರು. ಕೇಳುಗನ ಪಾಲಿಗೆ ಅದು ಕರ್ತೃವಿನ ಕುರುಹೂ ಹೌದು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ. ಎಚ್ಚರ ಬೇಕಾದುದು ಚೆನ್ನಮಲ್ಲಿಕಾರ್ಜುನ ಮತ್ತು ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಎರಡರ ನಡುವೆ. ಮೊದಲನೆಯದು ಅಕ್ಕಮಹಾದೇವಿಯದು, ಎರಡನೆಯದು ಸೊನ್ನಲಿಗೆಯ ಸಿದ್ಧರಾಮನದು. ಗಾಯಕನು ಆಲಾಪದಲ್ಲಿ "ಮಲ್ಲಿಕಾರ್ಜುನಾ" ಎಂಬಷ್ಟನ್ನೇ ಎಳೆದು ಹಾಡಿದಾಗ ಅವಸರದ ಕಿವಿಗೆ ಎರಡೂ ಒಂದೇ ಆಗಿಬಿಡುತ್ತವೆ. ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಆದುದರಿಂದ ಆ ಸೀಮೆಯ ಕೇಳುಗನು ಇಲ್ಲಿ ತಪ್ಪಿದರೆ ತನ್ನ ನೆಲದ ಕವಿಯ ಮಾತನ್ನೇ ಬೇರೆಯವರ ಹೆಸರಿನಲ್ಲಿ ಹಂಚಿದಂತಾಗುತ್ತದೆ. ಅಂಕಿತವೊಂದೇ ಕಡೆಯ ಪ್ರಮಾಣವೂ ಅಲ್ಲ. ಅನಂತರದ ಕಾಲದಲ್ಲಿ ಪ್ರಕ್ಷೇಪಗಳು ಸೇರಿರುವುದುಂಟು. ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಪಾಠವನ್ನು ಹೋಲಿಸಿ ನೋಡಿಯೇ ಕರ್ತೃವನ್ನು ಹೆಸರಿಸಬೇಕು.

ಕರ್ತೃ ತಿಳಿದ ಮೇಲೆ ಅಭಿಪ್ರಾಯದ ಕೆಲಸ ಆರಂಭವಾಗುತ್ತದೆ. ವಚನಕ್ಕೆ ನಿಯತವಾದ ಛಂದಸ್ಸಿಲ್ಲ. ಎಲ್ಲಿ ನಿಲ್ಲಿಸಬೇಕು, ಯಾವ ಪದವನ್ನು ಮರುಕಳಿಸಬೇಕು ಎಂಬುದನ್ನು ಹಾಡುವವರೇ ನಿರ್ಧರಿಸುತ್ತಾರೆ. ಆ ನಿರ್ಧಾರವು ಅರ್ಥವನ್ನು ಬೆಳಗಿಸಿತೇ, ಮುರಿಯಿತೇ ಎಂಬುದು ಮುಖ್ಯ ಪ್ರಶ್ನೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಹಾಡಿದ ವಚನಗಳನ್ನು ಅಚ್ಚಿನ ಪಾಠದೊಡನೆ ಇಟ್ಟು ಕೇಳಿದರೆ ಇದು ಸ್ಪಷ್ಟವಾಗುತ್ತದೆ. "ಇಷ್ಟವಾಯಿತು" ಎಂಬುದು ರುಚಿಯ ಮಾತು. "ಈ ಪದದಲ್ಲಿ ನಿಂತುದರಿಂದ ಪ್ರಶ್ನೆಯು ಮೊರೆಯಾಗಿ ಕೇಳಿಸಿತು" ಎಂಬುದು ವಿಮರ್ಶೆಯ ಮಾತು. ಎರಡನೆಯದನ್ನು ಇನ್ನೊಬ್ಬರು ಕೇಳಿ ಪರೀಕ್ಷಿಸಬಹುದು, ಒಪ್ಪದೆಯೂ ಇರಬಹುದು. ಹಂಚಿಕೊಳ್ಳಲು ತಕ್ಕ ಅಭಿಪ್ರಾಯದ ಲಕ್ಷಣವಿದು.

ಇದಕ್ಕೆ ಬೇಕಾದ ಭಾಷೆ ಗ್ರಾಂಥಿಕವೇ ಆಗಬೇಕೆಂದಿಲ್ಲ. ಕಂದಲಗಾಂವದ ಮನೆಮಾತಿನಲ್ಲಿ "ಚಲೋ ಐತಿ" ಎಂದವರು "ಯಾಕಂದ್ರ" ಎಂದು ಮುಂದುವರಿಸಿದರೆ ಸಾಕು, ವಿಮರ್ಶೆ ಅಲ್ಲಿಯೇ ಮೊದಲಾಗುತ್ತದೆ.

ಅಭ್ಯಾಸ: ಇತ್ತೀಚೆಗೆ ಇಳಿಸಿಕೊಂಡ ಒಂದು ವಚನಗಾಯನವನ್ನು ಎರಡು ಬಾರಿ ಕೇಳಿರಿ. ಅಂಕಿತವನ್ನು ಗುರುತಿಸಿ, ಮುದ್ರಿತ ಪಾಠದೊಡನೆ ಹೋಲಿಸಿರಿ. ಗಾಯಕರು ಮರುಕಳಿಸಿದ ಪದವೊಂದನ್ನು ಆರಿಸಿ, ಅದರಿಂದ ಅರ್ಥಕ್ಕೆ ಆದ ಲಾಭ ಅಥವಾ ನಷ್ಟವನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಬಳಿಕ ಕವಿಯ ಮತ್ತು ಗಾಯಕರ ಹೆಸರನ್ನು ಸೇರಿಸಿ, ಆ ಬರಹದೊಂದಿಗೆ ಹಾಡನ್ನು ಸಹಪಾಠಿಗೆ ಕಳುಹಿಸಿರಿ.