ನೀಲಕಂಠ ದರ್ಶನವೂ ಅಭಯದಾನದ ಸ್ವರೂಪವೂ

ವಿಜಯದಶಮಿಯಂದು ನೀಲಕಂಠ ಪಕ್ಷಿಯ ದರ್ಶನವು ಶುಭಕರವೆಂಬ ನಂಬಿಕೆಯು ಭಾರತದ ಹಲವು ಪ್ರಾಂತಗಳಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ತೆಲಂಗಾಣದ ಜನರು ಇದನ್ನು ಪಾಲಪಿಟ್ಟ ಎಂದು ಕರೆಯುತ್ತಾರೆ. ಶಮೀಪೂಜೆಯ ದಿನ ಊರ ಹೊರಗೆ ಇದನ್ನು ಕಂಡು ಕೈಮುಗಿಯುವುದು ಅಲ್ಲಿನ ರೂಢಿ. ಬಂಗಾಳದಲ್ಲಿ ದುರ್ಗೆಯ ವಿಸರ್ಜನೆಯ ದಿನ ಈ ಪಕ್ಷಿಯನ್ನು ಹಾರಿಬಿಟ್ಟರೆ, ದೇವಿಯು ತವರಿನಿಂದ ಹೊರಟಳೆಂಬ ವಾರ್ತೆಯನ್ನು ಅದು ಕೈಲಾಸದಲ್ಲಿರುವ ಶಿವನಿಗೆ ಮುಟ್ಟಿಸುವುದೆಂದು ಭಾವಿಸುತ್ತಿದ್ದರು. ಕರ್ನಾಟಕಕ್ಕೂ ತೆಲಂಗಾಣಕ್ಕೂ ಇದೇ ರಾಜ್ಯಪಕ್ಷಿಯಾಗಿರುವುದು ಕನ್ನಡಿಗರು ಸಂತೋಷಪಡಬೇಕಾದ ಸಂಗತಿ.

ಆದರೆ ನಗರಗಳು ಬೆಳೆದಂತೆ ಬಯಲು ಕರಗಿತು. ನೀಲಕಂಠವು ತೆರೆದ ಹೊಲಗಳ ಪಕ್ಷಿ. ತಂತಿಯ ಮೇಲೋ ಒಣಗಿದ ಕೊಂಬೆಯ ಮೇಲೋ ಕುಳಿತು, ನೆಲದಲ್ಲಿ ಚಲಿಸುವ ಮಿಡತೆ, ಜೀರುಂಡೆ, ಚೇಳು, ಓತಿಗಳನ್ನು ಹಿಡಿದು ತಿನ್ನುವುದು ಅದರ ಜೀವನಕ್ರಮ. ಮರದ ಪೊಟರೆಯೇ ಅದರ ಗೂಡು. ಬಹುಮಹಡಿ ಕಟ್ಟಡಗಳ ನಡುವೆ ಅದಕ್ಕೆ ಆಹಾರವೂ ಇಲ್ಲ, ಆಶ್ರಯವೂ ಇಲ್ಲ. ಭಾರತದ ಪಕ್ಷಿಗಳ ಸ್ಥಿತಿಗತಿಯನ್ನು ಕುರಿತು 2023ರಲ್ಲಿ ಪ್ರಕಟವಾದ ವರದಿಯು, ನೀಲಕಂಠದ ಸಂಖ್ಯೆಯು ದೀರ್ಘಾವಧಿಯಲ್ಲಿ ಶೇಕಡಾ 30ಕ್ಕೂ ಮಿಗಿಲಾಗಿ ಕುಗ್ಗಿದೆಯೆಂದು ತಿಳಿಸುತ್ತದೆ.

ಪಕ್ಷಿ ದುರ್ಲಭವಾಯಿತು, ನಂಬಿಕೆ ಮಾತ್ರ ಉಳಿಯಿತು. ಈ ಅಂತರದಲ್ಲಿ ಒಂದು ವ್ಯಾಪಾರ ಹುಟ್ಟಿಕೊಂಡಿತು. ಹೈದರಾಬಾದಿನಂಥ ನಗರಗಳಲ್ಲಿ ದಸರೆ ಸಮೀಪಿಸಿದಾಗ ಪಕ್ಷಿಗಳನ್ನು ಬಲೆಯೊಡ್ಡಿ ಹಿಡಿದು, ಹಾರದಂತೆ ರೆಕ್ಕೆಗಳನ್ನು ಕಟ್ಟಿ ಅಥವಾ ಅಂಟು ಬಳಿದು, ಪಂಜರದಲ್ಲಿಟ್ಟು ಬೀದಿ ಬೀದಿಗೂ ದೇವಾಲಯದ ಬಾಗಿಲಿಗೂ ಒಯ್ದು, ದರ್ಶನಕ್ಕೆ ಹಣ ಕೇಳುವುದುಂಟು. ಕರುಣಾಳುವಾದ ಗೃಹಸ್ಥನು ಇದನ್ನು ಕಂಡು ಮರುಗಿ, ಹೆಚ್ಚಿನ ಹಣವನ್ನಿತ್ತು ಪಂಜರದ ಬಾಗಿಲನ್ನು ತೆರೆಸುತ್ತಾನೆ. ಒಂದು ಜೀವಕ್ಕೆ ಅಭಯವಿತ್ತೆನೆಂದು ಅವನ ಮನಸ್ಸು ಹಗುರವಾಗುತ್ತದೆ. ಇದು ನಿಜವಾದ ದಯೆಯೆ? ಇದೇ ಇಲ್ಲಿಯ ವಿಚಾರ.

ದಾನಕ್ಕೆ ಮೂರು ಪರೀಕ್ಷೆಗಳು

ಸೆರೆಯಲ್ಲಿರುವ ಪ್ರಾಣಿಯನ್ನು ಬಿಡಿಸುವುದು ಅಭಯದಾನ. ಅದು ದಾನವಾದುದರಿಂದ ದಾನದ ನಿಯಮಗಳಿಗೆ ಒಳಪಡಬೇಕು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಕರ್ತವ್ಯವೆಂಬ ಬುದ್ಧಿಯಿಂದ, ಪ್ರತ್ಯುಪಕಾರವನ್ನು ಬಯಸದೆ, ಯೋಗ್ಯವಾದ ದೇಶ, ಕಾಲ, ಪಾತ್ರಗಳನ್ನು ಅರಿತು ಕೊಟ್ಟದ್ದು ಸಾತ್ತ್ವಿಕ. ಫಲವನ್ನು ಉದ್ದೇಶಿಸಿ ಕೊಟ್ಟದ್ದು ರಾಜಸ. ದೇಶಕಾಲಗಳನ್ನು ನೋಡದೆ, ಪಾತ್ರವನ್ನು ಅರಿಯದೆ, ಅನಾದರದಿಂದ ಕೊಟ್ಟದ್ದು ತಾಮಸ. ಕೊಡುವ ಮನಸ್ಸೊಂದೇ ಸಾಲದು, ಕೊಡುವ ರೀತಿಯೂ ವಿವೇಕಪೂರ್ಣವಾಗಿರಬೇಕೆಂಬುದು ಇದರ ತಾತ್ಪರ್ಯ.

ಈ ಅಳತೆಗೋಲನ್ನು ಪಂಜರದ ಪಕ್ಷಿಗೆ ಅನ್ವಯಿಸಿ ನೋಡಬೇಕು. ದೇಶವೆಂದರೆ ಅದರ ಸ್ವಾಭಾವಿಕ ನೆಲೆ. ಹೊಲದ ಪಕ್ಷಿಯನ್ನು ನಗರದ ನಡುಬೀದಿಯಲ್ಲಿ ಬಿಟ್ಟರೆ ಅದು ಬಿಡುಗಡೆಯಾಗದೆ ಪರಿತ್ಯಾಗವಾಗುತ್ತದೆ. ಆಸ್ಟ್ರೇಲಿಯ ಮೂಲದ ಬಜರಿಗರ್ ಗಿಳಿಗಳನ್ನು ಮುಂಬಯಿಯ ಕಿಟಕಿಯಿಂದ ಹಾರಿಬಿಡುವುದಾದರೂ ಇಂಥದ್ದೇ. ತಲೆಮಾರುಗಳಿಂದ ಪಂಜರದಲ್ಲಿಯೇ ಹುಟ್ಟಿ ಬೆಳೆದ ಆ ಗಿಳಿಗೆ ಕಾಳನ್ನು ಹುಡುಕುವ ಬಗೆಯೂ ತಿಳಿಯದು, ಕಾಗೆ ಗಿಡುಗಗಳಿಂದ ಪಾರಾಗುವ ಬಗೆಯೂ ತಿಳಿಯದು. ದೇಶವು ತಪ್ಪಿದರೆ ಮತ್ತೊಂದು ಅಪಾಯವೂ ಉಂಟು. ಅಮೆರಿಕ ಮೂಲದ ಕೆಂಪುಕಿವಿಯ ಆಮೆಯನ್ನು ಮರಿಯಾಗಿದ್ದಾಗ ಕೊಂಡು, ದೊಡ್ಡದಾದಾಗ ಕೆರೆ ಕಲ್ಯಾಣಿಗಳಲ್ಲಿ ಬಿಡುವವರಿದ್ದಾರೆ. ಆಹಾರಕ್ಕೂ ಬಿಸಿಲು ಕಾಯುವ ತಾಣಕ್ಕೂ ಅದು ಸ್ಥಳೀಯ ಆಮೆಗಳೊಡನೆ ಸ್ಪರ್ಧಿಸುತ್ತದೆ. ಒಂದಕ್ಕೆ ತೋರಿದ ಕನಿಕರವು ಹಲವಕ್ಕೆ ಕಂಟಕವಾಗುತ್ತದೆ.

ಕಾಲವೆಂದರೆ ಪ್ರಾಣಿಯು ಸಿದ್ಧವಾಗಿರುವ ಸಮಯ. ಕತ್ತರಿಸಿದ ಗರಿಗಳು ಮತ್ತೆ ಬರಬೇಕಾದರೆ ಗರಿ ಉದುರಿ ಹೊಸದು ಮೂಡುವ ಋತುವಿನವರೆಗೆ ಕಾಯಬೇಕು. ಬಹುದಿನ ಹಾರದಿದ್ದ ಪಕ್ಷಿಯ ರೆಕ್ಕೆಯ ಸ್ನಾಯುಗಳು ಬಲವನ್ನು ಕಳೆದುಕೊಂಡಿರುತ್ತವೆ. ದಶಮಿಯ ಮುಹೂರ್ತವು ಪಂಚಾಂಗದಲ್ಲಿ ಶುಭವಾಗಿದ್ದರೂ ಆ ಪಕ್ಷಿಯ ದೇಹಕ್ಕೆ ಅದು ಶುಭಕಾಲವಾಗಿರಬೇಕೆಂದಿಲ್ಲ.

ಪಾತ್ರವೆಂದರೆ ಬಿಡುಗಡೆಯನ್ನು ಬಳಸಿಕೊಳ್ಳುವ ಯೋಗ್ಯತೆ. ಅದು ಬೇಟೆಯಾಡಬಲ್ಲದೆ? ರೋಗಮುಕ್ತವೆ? ಮನುಷ್ಯನನ್ನು ಕಂಡು ದೂರ ಸರಿಯುವ ಎಚ್ಚರ ಉಳಿದಿದೆಯೆ? ಗೂಡಿನಿಂದ ಕಣ್ಣು ಬಿಡುವ ಮೊದಲೇ ತಂದು ಸಾಕಿದ ಗಿಳಿಗೆ ಈ ಶಿಕ್ಷಣವನ್ನು ಕೊಡುವ ತಾಯಿಯೇ ಇರಲಿಲ್ಲ. ಇಕ್ಕಟ್ಟಿನ ಪಂಜರಗಳಲ್ಲಿ ರೋಗವು ಬೇಗ ಹರಡುವುದರಿಂದ, ಪರೀಕ್ಷಿಸದೆ ಬಿಟ್ಟ ಒಂದು ಪಕ್ಷಿಯು ಕಾಡಿನ ಪಕ್ಷಿಗಳಿಗೂ ರೋಗವನ್ನು ಒಯ್ಯಬಹುದು.

ಮೂರೂ ಕೂಡಿದಾಗ ಬಿಡುಗಡೆ ಎಷ್ಟು ಸುಂದರವೆಂಬುದಕ್ಕೆ ಚೆನ್ನೈ ಕಡಲತೀರವು ಸಾಕ್ಷಿ. 1988ರಿಂದ ಅಲ್ಲಿನ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಬಳಗವು ವರ್ಷದ ಮೊದಲ ತಿಂಗಳುಗಳಲ್ಲಿ ರಾತ್ರಿಯೆಲ್ಲ ತೀರದಲ್ಲಿ ನಡೆದು, ಅಪಾಯದಲ್ಲಿರುವ ಆಮೆಯ ಮೊಟ್ಟೆಗಳನ್ನು ಬೇಲಿಯೊಳಗಿನ ಮರಳಿನಲ್ಲಿ ಕಾಪಾಡುತ್ತ ಬಂದಿದೆ. ಮರಿಗಳು ಮರಳಿನಿಂದ ಮೇಲೆ ಬಂದೊಡನೆ ಅವುಗಳನ್ನು ಕಡಲಿಗೆ ಬಿಡುತ್ತಾರೆ. ದೇಶವು ಅವುಗಳದೇ ಕಡಲು. ಕಾಲವು ಪ್ರಕೃತಿಯೇ ಗೊತ್ತುಮಾಡಿದ್ದು. ಅಲೆಯ ಕಡೆಗೆ ಸಾಗುವ ಸಹಜ ಪ್ರವೃತ್ತಿಯು ಇನ್ನೂ ಕೆಡದಿರುವುದೇ ಪಾತ್ರತೆ.

ಪೂರ್ವಕಥೆಗಳ ಉಪದೇಶ

ಕರ್ಣಪಾರ್ಯನೂ ನೇಮಿಚಂದ್ರನೂ ಕನ್ನಡದಲ್ಲಿ ಕಾವ್ಯವಸ್ತುವಾಗಿಸಿದ ನೇಮಿನಾಥನ ಚರಿತ್ರೆಯನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದು. ಮದುವೆಯ ದಿಬ್ಬಣದಲ್ಲಿ ಹೊರಟ ನೇಮಿಕುಮಾರನಿಗೆ, ವಿವಾಹದ ಔತಣಕ್ಕೆಂದು ಕೂಡಿಹಾಕಿದ ಮೃಗಗಳ ಆಕ್ರಂದನ ಕೇಳಿಸಿತು. ಅವನು ಆ ಮೃಗಗಳಿಗೆ ಬೆಲೆ ಕಟ್ಟಿ ಕೊಳ್ಳಲಿಲ್ಲ. ಯಾವ ಉತ್ಸವಕ್ಕಾಗಿ ಅವು ಬಂಧನಕ್ಕೆ ಬಂದುವೋ ಆ ಉತ್ಸವದಿಂದಲೇ ಹಿಂದಿರುಗಿದನು. ಪಂಜರದ ಬಾಗಿಲಿಗಿಂತ ಮೊದಲು ಪಂಜರದ ಕಾರಣವನ್ನು ತೆಗೆದವನು ಅವನು. ತನ್ನ ನಿಮಿತ್ತವಾಗಿ ಜೀವಿಗಳು ಸೆರೆಯಾಗಿವೆಯೆಂದು ತಿಳಿದವನಿಗೆ ಇದಕ್ಕಿಂತ ನೇರವಾದ ದಾರಿಯಿಲ್ಲ.

ಬೌದ್ಧರ ಸುವರ್ಣಪ್ರಭಾಸ ಸೂತ್ರದಲ್ಲಿ ಜಲವಾಹನನ ಕಥೆ ಬರುತ್ತದೆ. ಬತ್ತುತ್ತಿರುವ ಕೊಳದಲ್ಲಿ ಹತ್ತು ಸಾವಿರ ಮೀನುಗಳು ಒದ್ದಾಡುವುದನ್ನು ಕಂಡ ಅವನು ರಾಜನಿಂದ ಇಪ್ಪತ್ತು ಆನೆಗಳನ್ನು ಬೇಡಿ ಪಡೆದು, ಅವುಗಳ ಮೇಲೆ ನೀರು ಹೊರಿಸಿ ತಂದು ಕೊಳವನ್ನು ತುಂಬಿಸಿದನು. ಮೀನುಗಳಿಗೆ ಆಹಾರವನ್ನೂ ತರಿಸಿದನು. ಚೀನಾ ಮೊದಲಾದ ದೇಶಗಳಲ್ಲಿ ಹಬ್ಬಿದ ಪ್ರಾಣಿವಿಮೋಚನೆಯ ಆಚಾರಕ್ಕೆ ಈ ಕಥೆಯೂ ಒಂದು ಆಧಾರ. ಆದರೆ ಕಥೆಯಲ್ಲಿ ಮಾರುವವನೂ ಇಲ್ಲ, ಕೊಳ್ಳುವವನೂ ಇಲ್ಲ. ಇರುವುದು ಕೆಟ್ಟ ನೆಲೆಯನ್ನು ಮರಳಿ ಬದುಕಲು ಯೋಗ್ಯವಾಗಿಸಿದ ಶ್ರಮ. ಆಚಾರವು ಬಿಡುವ ಕ್ರಿಯೆಯನ್ನು ಉಳಿಸಿಕೊಂಡು ಕೊಳಕ್ಕೆ ನೀರು ತರುವ ಕ್ರಿಯೆಯನ್ನು ಮರೆತರೆ, ಕಥೆಯ ತಿರುಳು ಕೈಬಿಟ್ಟಂತೆಯೇ.

ಅಶೋಕನು ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಗಿಳಿ, ಗೊರವಂಕ, ಹಂಸ ಮೊದಲಾದ ಜೀವಿಗಳನ್ನು ಕೊಲ್ಲಬಾರದೆಂದು ವಿಧಿಸಿದನು. ಕಾಡಿಗೆ ಸುಮ್ಮನೆ ಬೆಂಕಿಯಿಡುವುದನ್ನೂ ಅದೇ ಶಾಸನದಲ್ಲಿ ನಿಷೇಧಿಸಿದನು. ಜೀವಿಯನ್ನು ಕಾಯುವವನು ಅದರ ನೆಲೆಯನ್ನೂ ಕಾಯಬೇಕೆಂಬ ಅರಿವು ಅಷ್ಟು ಹಿಂದಿನದು.

ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಎರಡೂ ಕ್ಷುಲ್ಲಕವಲ್ಲ.

ಮೊದಲನೆಯದು: ವ್ಯಾಪಾರದ ವಿಚಾರ ಹಾಗಿರಲಿ, ಕಣ್ಣೆದುರಿಗೆ ನರಳುವ ಈ ಒಂದು ಜೀವವನ್ನು ಬಿಟ್ಟು ಮುಂದೆ ಹೋಗುವುದು ನಿರ್ದಯವಲ್ಲವೆ? ಮರುಕ ಹುಟ್ಟುವುದು ಹೃದಯ ಸಜೀವವಾಗಿರುವ ಲಕ್ಷಣ, ಅದನ್ನು ಅಡಗಿಸಬೇಕಾಗಿಲ್ಲ. ಆದರೆ ಬೇಟೆಗಾರನಿಗೆ, ದರ್ಶನಕ್ಕಾಗಿ ಬಂದ ಹಣಕ್ಕೂ ವಿಮೋಚನೆಗಾಗಿ ಬಂದ ಹಣಕ್ಕೂ ಭೇದವಿಲ್ಲ. ಇಂದು ಬಿಡಿಸಿದ ಪಕ್ಷಿಯ ಬೆಲೆಯು ಮುಂದಿನ ವರ್ಷದ ಬಲೆಗೆ ಬಂಡವಾಳವಾಗುತ್ತದೆ. ಕಾಣುವ ಒಂದಕ್ಕೆ ಕೊಟ್ಟ ಅಭಯವನ್ನು ಕಾಣದ ಹಲವುಗಳಿಂದ ಕಿತ್ತುಕೊಂಡಂತಾಗುತ್ತದೆ. ಆದುದರಿಂದ ಹಣ ಕೊಡದೆ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ಮಾರ್ಗ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೆಂಬ ಶಬ್ದದಲ್ಲಿ ಕೊಲ್ಲುವುದನ್ನಷ್ಟೇ ಅಲ್ಲದೆ ಹಿಡಿಯುವುದನ್ನೂ ಬಲೆಯೊಡ್ಡುವುದನ್ನೂ ಸೇರಿಸಿದೆ. ಈ ಮಾರ್ಗ ಸುಲಭವಲ್ಲ. ಕಾಯಬೇಕು, ಮತ್ತೆ ಮತ್ತೆ ಹೇಳಬೇಕು, ಕೆಲವೊಮ್ಮೆ ಆ ಪಕ್ಷಿ ಉಳಿಯದೆಯೂ ಹೋಗಬಹುದು. ಆ ನೋವನ್ನು ಸಹಿಸಿಯೂ ಹಣ ಕೊಡದಿರುವುದಕ್ಕೆ ಬೇಕಾದದ್ದು ಗಟ್ಟಿಯಾದ ದಯೆ.

ಎರಡನೆಯದು: ಭಾವ ಶುದ್ಧವಾಗಿದ್ದರೆ ಸಾಲದೆ? ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತದ್ದಕ್ಕೂ ಸಂಕಲ್ಪಹಿಂಸೆಯ ಫಲ ಒದಗಿತೆಂದ ಮೇಲೆ, ಸಂಕಲ್ಪದಯೆಗೂ ಫಲವಿರಬೇಕಲ್ಲವೆ? ಇರಬಹುದು. ಆದರೆ ದಯೆಯ ಸಂಕಲ್ಪವು ಇನ್ನೊಂದು ಜೀವದ ಹಿತವನ್ನು ಬಯಸುವುದು. ಹಿತವನ್ನು ಬಯಸುವವನು ಹಿತ ಯಾವುದೆಂದು ವಿಚಾರಿಸದೆ ಇರಲಾರನು. ಮಗುವಿಗೆ ಜ್ವರ ಬಂದಾಗ ಕೈಗೆ ಸಿಕ್ಕ ಔಷಧವನ್ನು ಯಾವ ತಾಯಿಯೂ ಕುಡಿಸುವುದಿಲ್ಲ. ತಿಳಿಯಬಹುದಾದುದನ್ನು ತಿಳಿಯಲೊಲ್ಲದ ಮರುಕವು ಅರ್ಧ ಮರುಕ. ಅದರ ಉಳಿದರ್ಧವು ತನ್ನ ಪುಣ್ಯದ ಲೆಕ್ಕ.

ಬಿಡದಿರುವುದೂ ದಯೆಯಾದ ಬಗೆ

ಕೆಲವು ಜೀವಿಗಳಿಗೆ ಬಿಡುಗಡೆಯೇ ಹಿತವಲ್ಲ. ಕಲಂದರ್ ಸಮುದಾಯದವರು ತಲೆಮಾರುಗಳಿಂದ ಕರಡಿ ಕುಣಿಸಿ ಜೀವನ ನಡೆಸುತ್ತಿದ್ದರು. ಮರಿಯಾಗಿದ್ದಾಗಲೇ ಕಾಡಿನಿಂದ ತಂದು, ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸಿ, ಹಲ್ಲುಗಳನ್ನು ಮುರಿದ ಆ ಕರಡಿಗಳನ್ನು ಮರಳಿ ಕಾಡಿಗೆ ಬಿಟ್ಟಿದ್ದರೆ ಅವು ಹಸಿದೇ ಸಾಯುತ್ತಿದ್ದುವು. ಕೊನೆಯ ಕುಣಿತದ ಕರಡಿಯೆಂದು ಹೆಸರಾದ ರಾಜು 2009ರ ಡಿಸೆಂಬರಿನಲ್ಲಿ ಬೆಂಗಳೂರಿನ ಬಳಿಯ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರಕ್ಕೆ ಬಂದಿತು. ಇಂಥ ಕೇಂದ್ರಗಳಲ್ಲಿ ಅವುಗಳಿಗೆ ದೊರೆತದ್ದು ಹಗ್ಗವಿಲ್ಲದ ವಿಶಾಲ ಆವರಣ, ಚಿಕಿತ್ಸೆ ಮತ್ತು ಜೀವಮಾನದ ಪೋಷಣೆ. ಅದರೊಡನೆ ಕಲಂದರ್ ಕುಟುಂಬಗಳಿಗೆ ಬೇರೆ ಉದ್ಯೋಗವನ್ನೂ ಅವರ ಮಕ್ಕಳಿಗೆ ಶಾಲೆಯನ್ನೂ ಒದಗಿಸುವ ಯತ್ನ ನಡೆಯಿತು. ಕರಡಿಯನ್ನಷ್ಟೇ ಕಸಿದು ಮನುಷ್ಯನನ್ನು ಹಸಿವೆಗೆ ಬಿಟ್ಟಿದ್ದರೆ ಮತ್ತೊಂದು ಮರಿ ಕಾಡಿನಿಂದ ಬರುತ್ತಿತ್ತು. ಬಲೆಯೊಡ್ಡುವವನೂ ಬಹುಪಾಲು ಬಡವನೇ. ಅವನನ್ನು ಹೊರಗಿಟ್ಟ ದಯೆಯು ಪೂರ್ಣವಾಗದು.

ಗೃಹಸ್ಥನ ಕರ್ತವ್ಯ

ಕೊಲ್ಕತ್ತದ ಶೋಭಾಬಜಾರ್ ರಾಜಮನೆತನದ ದುರ್ಗಾಪೂಜೆಯು 1757ರಲ್ಲಿ ಆರಂಭವಾದದ್ದು. ಅಲ್ಲಿ ನೀಲಕಂಠಗಳನ್ನು ಹಾರಿಬಿಡುವ ಸಂಪ್ರದಾಯವಿತ್ತು. ಕಾನೂನು ಬಂದ ಮೇಲೆ ಜೀವಂತ ಪಕ್ಷಿಯ ಸ್ಥಾನಕ್ಕೆ ಮಣ್ಣಿನ ನೀಲಕಂಠ ಬಂದಿದೆ. ದೇವಿಯ ಮೇಲಿನ ಭಕ್ತಿಗೆ ಇದರಿಂದ ಯಾವ ಕುಂದೂ ಬಂದಿಲ್ಲ. ಆಚಾರದ ಅಂತರಂಗವನ್ನು ಉಳಿಸಿಕೊಂಡು ಬಹಿರಂಗವನ್ನು ತಿದ್ದಿಕೊಳ್ಳುವುದು ಧರ್ಮಕ್ಕೆ ಹೊಸತಲ್ಲ.

ನಗರವಾಸಿಗಳಿಗೂ ಮಾರ್ಗಗಳಿವೆ. ಗಾಯಗೊಂಡ ಪಕ್ಷಿ ಸಿಕ್ಕಿದರೆ ಅದನ್ನು ಆಸ್ಪತ್ರೆಗೆ ಮುಟ್ಟಿಸಬೇಕು. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದಲ್ಲಿ ಜೈನರು ನಡೆಸುವ ಪಕ್ಷಿಗಳ ಧರ್ಮಾಸ್ಪತ್ರೆ, ಮುಂಬಯಿಯ ಪರೇಲಿನಲ್ಲಿರುವ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ, ಚೆನ್ನೈಯ ಬ್ಲೂ ಕ್ರಾಸ್ ಮೊದಲಾದ ಸಂಸ್ಥೆಗಳು ಇಂಥ ಸೇವೆಗಾಗಿಯೇ ಇವೆ. ಮೊದಲು ಚಿಕಿತ್ಸೆ, ಬಳಿಕ ಪರೀಕ್ಷೆ, ಕೊನೆಗೆ ಬಿಡುಗಡೆ ಎಂಬ ಕ್ರಮವನ್ನು ಮರೆಯಬಾರದು. ಮನೆಯಲ್ಲಿರುವ ವಿದೇಶೀ ಗಿಳಿಯನ್ನು ಹಾರಿಬಿಡದೆ ಅದರ ಆಯುಸ್ಸು ಮುಗಿಯುವವರೆಗೆ ಸಾಕಿ, ಮತ್ತೊಂದನ್ನು ಕೊಳ್ಳದಿರುವುದು ಲೇಸು. ಊರಿನಲ್ಲಿ ಜಮೀನುಳ್ಳವರು ಪೊಟರೆಯುಳ್ಳ ಹಳೆಯ ಮರವನ್ನು ಕಡಿಯದೆ ಉಳಿಸಿದರೆ, ಅದು ಜಲವಾಹನನು ಕೊಳಕ್ಕೆ ತಂದ ನೀರಿಗೆ ಸಮಾನ.

ನೀಲಕಂಠವೆಂಬ ಹೆಸರಿದ್ದರೂ ಈ ಪಕ್ಷಿಯ ಕಂಠ ನೀಲಿಯಲ್ಲ. ಕುಳಿತಿರುವಾಗ ಅದು ಬಹುಮಟ್ಟಿಗೆ ಕಂದು ಬಣ್ಣದ ಸಾಮಾನ್ಯ ಪಕ್ಷಿಯಂತೆಯೇ ತೋರುತ್ತದೆ. ರೆಕ್ಕೆ ಬಿಚ್ಚಿ ಹಾರಿದಾಗಲೇ ಅದರ ನೀಲಿಯೆಲ್ಲ ಬೆಳಗುವುದು. ರೆಕ್ಕೆ ಕಟ್ಟಿದ ಪಕ್ಷಿಯನ್ನು ಪಂಜರದಲ್ಲಿ ಕಂಡವನಿಗೆ ನೀಲಕಂಠದ ದರ್ಶನವಾಗಿಯೇ ಇಲ್ಲ.

ಮನನಕ್ಕೆ

1. ಬಿಡಿಸುವ ಕೈಯೇ ಬಂಧನಕ್ಕೆ ಕಾರಣವಾಗಿರುವ ಸಂದರ್ಭಗಳು ನಿತ್ಯಜೀವನದಲ್ಲಿ ಬೇರೆ ಯಾವುವು?
2. ದೇಶ, ಕಾಲ, ಪಾತ್ರಗಳ ಪರೀಕ್ಷೆಯನ್ನು ಅನ್ನದಾನಕ್ಕೂ ವಿದ್ಯಾದಾನಕ್ಕೂ ಅನ್ವಯಿಸುವುದು ಹೇಗೆ?
3. ನೇಮಿನಾಥನು ಮೃಗಗಳನ್ನು ಬಿಡಿಸಿ ಮದುವೆಯನ್ನು ಮುಂದುವರಿಸಿದ್ದರೆ ಕಥೆಯ ಅರ್ಥ ಏನಾಗುತ್ತಿತ್ತು?